ಹಳದಿ ಪಟ್ಟಿಯ ನಾಯಿ

ಮನುಷ್ಯನೂ ನಾಯಿಯೂ ಕೂಡಿ ಬಾಳಲು ತೊಡಗಿ ಸಾವಿರಾರು ವರ್ಷಗಳಾದವೆಂದು ತಿಳಿದವರು ಹೇಳುತ್ತಾರೆ. ಹೈದರಾಬಾದಿನ ಬಾಲಾನಗರದ ಹಿಂಬದಿಯ ನಮ್ಮ ಓಣಿಗೆ ಆ ಸುದ್ದಿ ಇನ್ನೂ ಬಂದು ಮುಟ್ಟಿಲ್ಲ. ಇಲ್ಲಿ ಒಂದು ಪಂಗಡ ನಾಯಿಗೆ ಬಿಸ್ಕೀಟು ಹಾಕುತ್ತದೆ, ಇನ್ನೊಂದು ಪಂಗಡ ಕಲ್ಲು ಹಾಕುತ್ತದೆ. ಕೈ ಎತ್ತಿದವರು ಯಾವ ಪಂಗಡದವರೆಂದು ನಾಯಿ ತಾನೇ ಊಹಿಸಿಕೊಳ್ಳಬೇಕು.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಎದುರಿಗೆ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ಯಾದಗಿರಿ ಕಡೆಯವಳು. ನಮ್ಮ ಮನೆಯ ಕನ್ನಡ ಕಿವಿಗೆ ಬಿದ್ದ ದಿನದಿಂದ ನೀರಿಗೆ ನಮ್ಮ ನಳಕ್ಕೇ ಬರುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಕೊಡ ಹಿಡಿದು ಬರುವಾಗ ಓಣಿಯ ಕಂದುನಾಯಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಸ್ವಲ್ಪ ಮೊದಲು ಯಾರೋ ಅದಕ್ಕೆ ಕಲ್ಲು ಬೀರಿದ್ದರು. ಬೀರಿದವನು ಸಿಗಲಿಲ್ಲ, ಇವಳು ಸಿಕ್ಕಳು.

ನನ್ನ ಹೆಂಡತಿ ಗಾಯವನ್ನು ಸಾಬೂನು ಹಚ್ಚಿ ನಳದ ಕೆಳಗೆ ತೊಳೆಸಿ, ಅವಳನ್ನು ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮೊದಲ ಸೂಜಿ ಚುಚ್ಚಿ, ಉಳಿದವಕ್ಕೂ ತಪ್ಪದೆ ಬರಬೇಕೆಂದರು. ನಾಯಿಯ ಮೇಲೂ ಹತ್ತು ದಿನ ಕಣ್ಣಿಡಿ, ಅದು ಗಟ್ಟಿಮುಟ್ಟಾಗಿದ್ದರೆ ಹುಚ್ಚಿನ ಭಯವಿಲ್ಲ, ಇಪ್ಪತ್ತೆಂಟನೆಯ ದಿನದ ಕೊನೆಯ ಸೂಜಿ ಬಿಟ್ಟರೂ ನಡೆದೀತು ಎಂದರು.

ಆ ಕೊನೆಯ ಸೂಜಿಯ ಹೊತ್ತಿಗೆ ಅವಳು ಊರಿನಲ್ಲಿರಬೇಕಿತ್ತು.

"ಮಗಳ ದಿನ ತುಂಬಾಕ ಬಂದಾವ್ರಿ ಅಕ್ಕಾರ. ಚೊಚ್ಚಲ ಹೆರಿಗಿ. ಮೈಯಾಗ ನಂಜು ಇಟ್ಕೊಂಡು ಕೂಸಿನ್ನ ಹೆಂಗ ಎತ್ಕೊಳ್ಳಿ?"

ಎತ್ತಿಕೊಂಡರೆ ಏನೂ ಆಗುವುದಿಲ್ಲವೆಂದು ನಾನು ವೈದ್ಯಶಾಸ್ತ್ರವನ್ನು ನನಗೆ ಗೊತ್ತಿದ್ದಷ್ಟು ವಿವರಿಸಿದೆ. "ಸೂಜಿ ಮ್ಯಾಲೆ ನಂಬಿಕಿ ಇಲ್ಲೇನವಾ?" ಎಂದೂ ಕೇಳಿದೆ.

"ಸೂಜಿ ಏನು ಹೇಳ್ತೈತ್ರಿ ಅಜ್ಜಾರ? ನಾಯಿ ಆದ್ರ ಕಣ್ಣಿಗೆ ಕಾಣ್ತೈತಿ."

ಹೀಗೆ ಒಂದು ಬೀದಿನಾಯಿಯ ಆರೋಗ್ಯ ನಮ್ಮ ಮನೆಯ ಹೊಣೆಯಾಯಿತು. ನಾಯಿಗಳ ವಿಷಯ ನೋಡುವ ಕಚೇರಿಗೆ ಫೋನು ಮಾಡಿದೆ. ಅತ್ತಲಿನ ಮನುಷ್ಯ ಬಹಳ ಮರ್ಯಾದೆಯಿಂದ, ನಾಯಿಯ ಕಿವಿ ಕತ್ತರಿಸಿದೆಯೇ ಎಂದು ಕೇಳಿದ. ಕತ್ತರಿಸಿದೆ ಎಂದೆ. ಹಾಗಾದರೆ ಮರಿಯಾಗದಂತೆ ಮಾಡುವ ಅದರ ಆಪರೇಷನ್ ಮುಗಿದಿದೆ, ಹಿಡಿದರೂ ಮತ್ತೆ ಅಲ್ಲಿಯೇ ತಂದು ಬಿಡಬೇಕಾಗುತ್ತದೆ, ಹತ್ತು ದಿನ ಕಟ್ಟಿಹಾಕಿ ಕಾಯಲು ತಮ್ಮಲ್ಲಿ ಜಾಗವಿಲ್ಲ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಆಗ ಮುಂದೆ ಬಂದವರು ಪಕ್ಕದ ಮನೆಯವರು. ಬಾಗಲಕೋಟೆಯವರು, ನಾನು ನಿವೃತ್ತನಾದ ಕಾರ್ಖಾನೆಯಲ್ಲೇ ತಪಾಸಣೆ ವಿಭಾಗದಲ್ಲಿದ್ದವರು. ಅಲ್ಲಿ ಯಾವುದಾದರೂ ಬಿಡಿಭಾಗದ ಬಗ್ಗೆ ಅನುಮಾನ ಬಂದರೆ ಅದಕ್ಕೊಂದು ಹಳದಿ ಪಟ್ಟಿ ಬಳಿಯುತ್ತಿದ್ದರು. ತೀರ್ಮಾನವಾಗುವವರೆಗೆ ಅದು ‘ಹೋಲ್ಡ್’, ಅದನ್ನು ಯಾರೂ ಮುಟ್ಟಕೂಡದು, ಸರಿಸಕೂಡದು. ಸರ್ಕಾರಗಳು ಬದಲಾದವು, ಜನರಲ್ ಮ್ಯಾನೇಜರುಗಳು ಬದಲಾದರು. ಹಳದಿ ಪಟ್ಟಿಯ ಮಾಲು ಇದ್ದಲ್ಲಿಂದ ಅಲುಗಿದ್ದನ್ನು ನಾನು ಕಂಡಿಲ್ಲ.

"ಇದನ್ನ ಹೋಲ್ಡ್ ಮಾಡ್ಬೇಕ್ರಿ," ಎಂದರು ಅವರು.

"ನಾಯೀನ್ನ ಹೆಂಗ ಹೋಲ್ಡ್ ಮಾಡ್ತೀರಿ ಅಣ್ಣಾರ?" ಎಂದಳು ನನ್ನ ಹೆಂಡತಿ. "ಅದೇನು ಬೋಲ್ಟ್ ಐತೇನು?"

"ಹಳದಿ ಪಟ್ಟಿ ಹೊಡೀತೀನಿ. ಒಬ್ರೂ ಮುಟ್ಟಂಗಿಲ್ಲ."

"ಪೇಂಟು ನೆಕ್ಕಿ ಸತ್ರ ನಿಮ್ಮ ತಪಾಸಣಿಯವರು ಬರ್ತಾರೇನು?"

ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸುವುದೆಂದು ಒಪ್ಪಂದವಾಯಿತು. ನಾನು ಬ್ರೆಡ್ಡು ಹಾಕಿದೆ, ನಾಯಿ ತಿನ್ನುತ್ತಿತ್ತು, ಅವರು ಉದ್ದನೆಯ ಕೋಲಿಗೆ ಬ್ರಷ್ಷು ಕಟ್ಟಿ ಬೆನ್ನಿನ ಮೇಲೆ ಅಡ್ಡಲಾಗಿ ಎಳೆದರು. ಕೆಲಸ ಅಚ್ಚುಕಟ್ಟಾಗಿತ್ತು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪೇಪರು ಬಿಡಿಸಿದರೆ ಅರ್ಧಕ್ಕೆ ಎದ್ದು ಗೇಟಿಗೆ ಹೋಗುವುದು, ನಾಯಿ ಕಂಡರೆ ಒಳಗೆ ಬರುವುದು, ಬಂದೊಡನೆ ಅದು ಕುಂಟುತ್ತಿತ್ತೇ, ಜೊಲ್ಲು ಸುರಿಸುತ್ತಿತ್ತೇ ಎಂಬ ಅನುಮಾನದಿಂದ ಮತ್ತೆ ಹೋಗುವುದು. "ನಮ್ಮವ್ವ ದವಾಖಾನ್ಯಾಗಿದ್ದಾಗ ನೀವು ಇಷ್ಟು ಸಲ ಎದ್ದು ನೋಡಿದ್ದಿಲ್ಲ," ಎಂದಳು ಹೆಂಡತಿ. ಆ ಹೆಂಗಸು ದಿನವೂ ನೀರಿಗೆ ಬಂದವಳು ಕೊಡ ಇಡುವ ಮೊದಲೇ ಕೇಳುತ್ತಿದ್ದಳು: "ಉಂಡೈತ್ರೇನು?" ಉಂಡಿದೆ ಎಂದರೆ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಅವಧಿ ಮುಗಿಯುವುದಕ್ಕೆ ಮೊದಲೇ ಒಂದು ದಿನ ನಾಯಿ ಕಾಣಲಿಲ್ಲ. ನಾನೂ ಪಕ್ಕದ ಮನೆಯವರೂ ಹುಡುಕಿಕೊಂಡು ಹೊರಟೆವು. ದೊಡ್ಡ ರಸ್ತೆ ದಾಟಿದರೆ ಸಿಗುವ ಚಹಾದಂಗಡಿಯವನು ತೆಲುಗಿನಲ್ಲಿ ಅಭಿಮಾನದಿಂದಲೇ ವಿವರ ಕೊಟ್ಟ. ಸರ್ಕಾರದವರು ಹಳದಿ ಬಳಿದು ಗುರುತು ಮಾಡಿದ್ದ ಹುಚ್ಚುನಾಯಿಯೊಂದು ಬಂದಿತ್ತಂತೆ. ಶಾಲೆ ಬಿಡುವ ಹೊತ್ತು ಬೇರೆ. ನಾಲ್ಕು ಜನ ಸೇರಿ ದೊಣ್ಣೆಯಿಂದ ಮುಗಿಸಿದರಂತೆ. ಹೆಣವನ್ನು ಆಗಲೇ ಕಸದ ಗಾಡಿ ಒಯ್ದಿತ್ತು. ಹುಚ್ಚಿತ್ತೇ ಎಂದು ಪರೀಕ್ಷೆಗೆ ಕಳಿಸಲು ಏನೂ ಉಳಿದಿರಲಿಲ್ಲ.

"ಹಳದಿ ಅಂದ್ರ ಹೋಲ್ಡ್ ಅಲ್ಲೇನ್ರಿ?" ಎಂದರು ಪಕ್ಕದ ಮನೆಯವರು.

"ಕಾರ್ಖಾನಿ ಗೇಟಿನ ಒಳಗ," ಎಂದೆ.

ದೊಣ್ಣೆ ಹಿಡಿದವರನ್ನು ನಾನು ರಾಕ್ಷಸರೆನ್ನಲಾರೆ. ಅವರ ಮಕ್ಕಳು ಅದೇ ದಾರಿಯಲ್ಲಿ ನಡೆಯುತ್ತವೆ. ನಾಯಿಯನ್ನು ಹಿಂಸಿಸಬಾರದೆಂಬ ಕಾನೂನು ಇಲ್ಲವೆಂದೂ ಅಲ್ಲ. ಆದರೆ ಕಚ್ಚಿದ ನಾಯಿಯನ್ನು ಬಂದು ಒಯ್ದು ಕಾಯಲೇಬೇಕಾದವರು ಯಾರು, ಕಾಯದಿದ್ದರೆ ಉತ್ತರ ಕೊಡುವವರು ಯಾರು, ಕಚ್ಚಿಸಿಕೊಂಡವಳ ಕೂಲಿ ತುಂಬಿಕೊಡುವವರು ಯಾರು, ಕಲ್ಲು ಬೀರಿದವನನ್ನು ಕೇಳುವವರು ಯಾರು ಎಂದರೆ ಬೊಟ್ಟು ಮಾಡಿ ತೋರಿಸಲು ನಮ್ಮ ಓಣಿಯಲ್ಲಿ ಒಬ್ಬನೂ ಇರಲಿಲ್ಲ. ಅದಕ್ಕೇ ಎಪ್ಪತ್ತು ದಾಟಿದ ಇಬ್ಬರು ಕೋಲಿಗೆ ಬ್ರಷ್ಷು ಕಟ್ಟಿದ್ದರು. ವಾರ್ಡಿಗೊಂದು ಜಾಗ, ಜಾಗಕ್ಕೊಬ್ಬ ಹೊಣೆಗಾರ, ತಪ್ಪಿದರೆ ಚುರುಕು ಮುಟ್ಟುವಂಥ ಶಿಕ್ಷೆ: ಇಷ್ಟನ್ನು ಬಿಗಿಯಾಗಿ ಬರೆದ ಕಾನೂನಿದ್ದಿದ್ದರೆ ನಾಯಿಯೂ ಉಳಿಯುತ್ತಿತ್ತು, ಅವಳ ನೆಮ್ಮದಿಯೂ ಉಳಿಯುತ್ತಿತ್ತು. ನಾಯಿಯ ಪರವೋ ಮನುಷ್ಯರ ಪರವೋ ಎಂದು ಆಮೇಲೆ ನಮ್ಮ ಕಟ್ಟೆಯ ಮೇಲೆ ನಡೆದ ಚರ್ಚೆಯಲ್ಲಿ ನನಗೆ ಯಾವ ಕಡೆಯೂ ಕುರ್ಚಿ ಸಿಗಲಿಲ್ಲ.

ಸುದ್ದಿಯನ್ನು ಅವಳಿಗೆ ಹೆಂಡತಿಯೇ ಹೇಳಿದಳು. ಅವಳು ಕೊಡವನ್ನು ಕೆಳಗಿಟ್ಟು ನಳದ ಕಟ್ಟೆಯ ಮೇಲೆ ಕುಳಿತಳು.

"ಕೊನೀ ಸೂಜಿ ಯಾದಗಿರ್‍ಯಾಗ ಹಾಕಿಸ್ಕೋವಾ, ಅಲ್ಲೂ ದವಾಖಾನಿ ಐತಿ," ಎಂದಳು ಹೆಂಡತಿ.

"ಊರಿಗೆ ಹೋದ್ರ ಕೂಸಿನ್ನ ಮುಟ್ಟದ ಇರಾಕ ಆಗ್ತೈತೇನ್ರಿ ಅಕ್ಕಾರ? ಸೂಜಿ ಎಲ್ಲಾ ಮುಗೀಲಿ."

ಅವಳು ಕೊನೆಯ ಸೂಜಿಯವರೆಗೂ ಹೈದರಾಬಾದಿನಲ್ಲೇ ಉಳಿದಳು. ಮಗಳ ಹೆರಿಗೆ ಅವಳಿಲ್ಲದೆ ಆಯಿತು.