ಹಿಟ್ಟಿನ ಗಂಟು, ನೀರಿನ ಲೋಟ

ಮಾರಕೈಬೊ ಸರೋವರದ ದಂಡೆಯ ನಮ್ಮ ಕೇರಿಯಲ್ಲಿ ಆ ಕಾಯಿಲೆಯ ಹೆಸರೆತ್ತುವುದಿಲ್ಲ. 'ಕೇಡು' ಎನ್ನುತ್ತೇವೆ, ಅಷ್ಟೇ. ನೆರೆಮನೆಯ ಯೋಲಾಯ್ದಾಳ ಗಂಡನನ್ನು ಕೇಡು ತಿಂದಿತ್ತು. ಆಮೇಲೆ ಮಗ ಒಸ್ಮೆಲ್‌ನ ಕೈಕಾಲು ತಾವಾಗಿಯೇ ಕುಣಿಯತೊಡಗಿದವು.

ದೋಣಿಯಲ್ಲಿ ನಿಂತು ಬಲೆ ಬೀಸುವವನು ಅವನು. "ಏನೋ, ಸೂರ್ಯ ಹುಟ್ಟೋಕ್ಮುಂಚೇನೇ ಏರಿಸ್ಕೊಂಡ್ಯಾ?" ಎಂದು ಜೊತೆಯವರು ಆಡಿಕೊಂಡರು.

"ನಿಮ್ಗೂ ಒಂದ್ ಗುಟುಕು ಉಳಿಸಿದೀನಿ, ಬನ್ರೋ!"

ನಕ್ಕವರೇ ಮರುವಾರ ಅವನನ್ನು ದೋಣಿಗೆ ಹತ್ತಿಸಿಕೊಳ್ಳಲಿಲ್ಲ.

ಹೊರದೇಶದ ವೈದ್ಯರ ತಂಡವೊಂದು ಬಂತು. ತಾಯಿ, ಮಗ, ಮಗಳು ನೆರ್ವಾ, ಮೂವರ ರಕ್ತವನ್ನೂ ತೆಗೆದುಕೊಂಡಿತು. ಇವನಿಗೆ ಆಗಿರುವುದೇನು ಎಂದು ಯೋಲಾಯ್ದಾ ಕೇಳಿದಳು. ಅರೆಪಾ ರೊಟ್ಟಿಗೆ ಅವಳು ಕಲಸುತ್ತಿದ್ದ ಮೆಕ್ಕೆಜೋಳದ ಹಿಟ್ಟನ್ನೇ ವೈದ್ಯ ತೋರಿಸಿದ.

"ನೋಡಮ್ಮ, ಇವನ ಮೆದುಳಿನ ಜೀವಕೋಶದಲ್ಲಿ ಒಂದು ಪ್ರೋಟೀನ್ ತಪ್ಪಾಗಿ ತಯಾರಾಗ್ತಿದೆ. ಅಪ್ಪನಿಂದ ಬಂದಿರೋ ತಪ್ಪು. ಅದು ಈ ಹಿಟ್ಟಿನ ಹಾಗೇ ಒಳಗೊಳಗೇ ಗಂಟುಗಟ್ಟುತ್ತೆ. ಕೊನೆಗೆ ಕೋಶ ಸಾಯುತ್ತೆ."

ಎಷ್ಟು ಸುಲಭ ಮಾಡಿ ಹೇಳಿದೆ ಎಂದು ಆತನಿಗೆ ಹೆಮ್ಮೆಯೂ ಆಗಿರಬೇಕು. ರಕ್ತ ಒಯ್ದರು, ಹೋಲಿಕೆ ಬಿಟ್ಟುಹೋದರು.

ಹಿಟ್ಟು ಗಂಟಾದರೆ ಏನು ಮಾಡಬೇಕೆಂದು ನಮ್ಮ ಯಾವ ಹೆಂಗಸಿಗೆ ಗೊತ್ತಿಲ್ಲ? ಬೆಚ್ಚನೆ ನೀರು ಹಾಕಿ ನಾದಬೇಕು. ಯೋಲಾಯ್ದಾ ಮಗನ ನೆತ್ತಿಯನ್ನು ಅಂಗೈಯಲ್ಲಿ ನಾದಿದಳು. ನೀರು ಕುಡಿಸಿದಳು. ಸರೋವರದ ನೀರಿನ ಮೇಲೆ ತೈಲಬಾವಿಗಳ ಎಣ್ಣೆ ತೇಲುತ್ತದೆ. ಕುಡಿಯುವ ನೀರು ಲಾರಿಯಲ್ಲಿ ಬರಬೇಕು. ತನ್ನ ಪಾಲನ್ನೂ ಅವನಿಗೇ ಕೊಟ್ಟಳು.

"ಸಾಕವ್ವಾ, ನಾನೇನು ಮೀನಾ?"

"ಕುಡಿ ಮಗನೇ, ಗಂಟು ಕರಗ್ಲಿ."

ಗುಟುಕು ಗುಟುಕಿಗೂ ಅವನು ಕೆಮ್ಮುತ್ತಿದ್ದ. ಗಂಟು ಬಿಡುತ್ತಿದೆ ಎಂದುಕೊಂಡು ಅವಳು ಇನ್ನೊಂದು ಲೋಟ ತುಂಬುತ್ತಿದ್ದಳು. ಕೊನೆಗೆ ನೀರು ಶ್ವಾಸಕೋಶಕ್ಕಿಳಿಯಿತು, ಜ್ವರ ಏರಿತು, ಒಸ್ಮೆಲ್ ಹೋದ.

ಹೆಣದ ಮುಂದೆ ಪಟ್ಟಣದ ದಾದಿ ಬಾಯಿ ಬಿಟ್ಟಳು. "ಅಯ್ಯೋ ಯೋಲಾಯ್ದಕ್ಕಾ, ಈ ಕಾಯಿಲೆಯವ್ರಿಗೆ ನುಂಗೋ ಶಕ್ತೀನೇ ಹೋಗ್ಬಿಡತ್ತೆ. ತೆಳುನೀರು ಕೊಡಬಾರ್ದು, ಗಂಜಿ ಥರ ಮಂದ ಮಾಡಿ ಕೊಡ್ಬೇಕಿತ್ತು. ಯಾರೂ ಹೇಳ್ಲಿಲ್ವಾ?"

ಯೋಲಾಯ್ದಾ ತನ್ನ ಕೈಗಳನ್ನೇ ನೋಡಿಕೊಂಡಳು. "ಮಂದ ಮಾಡೋದು ನಂಗೆ ಬರ್ತಿತ್ತಲ್ಲಮ್ಮಾ," ಎಂದಳು.

ಈ ಕೇಡಿಗೆ ಮದ್ದು ಸಿಕ್ಕಿಲ್ಲ, ಸರಿ, ಅದಕ್ಕೆ ಯಾರನ್ನೂ ಬೈಯಲಾರೆ. ಆದರೆ ನೀರು ಹೇಗೆ ಕುಡಿಸಬೇಕೆಂದು ಹೇಳುವುದಕ್ಕೆ ಯಾವ ಸಂಶೋಧನೆ ಮುಗಿಯಬೇಕಿತ್ತು? ಜೀವಕೋಶದೊಳಗಿನ ಗಂಟನ್ನು ಕಂಡ ಕಣ್ಣಿಗೆ ಲೋಟ ಹಿಡಿದು ನಿಂತ ತಾಯಿ ಕಾಣಲಿಲ್ಲವೇ?

ನಿನ್ನೆ ಅವರ ಮನೆಗೆ ಹೋಗಿದ್ದೆ. ನೆರ್ವಾಳ ಕೈಯಿಂದ ತಟ್ಟೆ ಜಾರಿ ಬಿತ್ತು. ಅದನ್ನೆತ್ತಲು ಯಾರೂ ಬಗ್ಗಲಿಲ್ಲ. ಯೋಲಾಯ್ದಾ ಒಲೆಯ ಮುಂದೆ ಗಂಜಿ ತಿರುವುತ್ತ, ಸೌಟಿನ ಬೆನ್ನಿನಿಂದ ತಳದಲ್ಲಿ ಗಂಟು ಹುಡುಕುತ್ತಿದ್ದಳು.

"ಗಂಜಿ ಬೇಡವ್ವಾ, ಬಾಯಾರ್ತಿದೆ. ಬರೀ ನೀರು ಕೊಡು," ಎಂದಳು ಮಗಳು.

"ನೀರಿಲ್ಲ."

ಯೋಲಾಯ್ದಾಳ ಪಕ್ಕದಲ್ಲೇ ಕೊಡ ತುಂಬಿತ್ತು.