ನಡುವಿನವಳು ಎಲ್ಲಿದ್ದಾಳೆ?

ಎಡಪ್ಪಳ್ಳಿಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ವಕೀಲೆ ಮೀನು ಕೊಳ್ಳುವಾಗ ರಾಶಿಯ ಮೇಲಿನದನ್ನು ಸರಿಸಿ, ನಡುವಿನದರ ಕಿವಿರು ಎತ್ತಿ ನೋಡುತ್ತಿದ್ದರು. "ಮೇಲಿನದು ಶೋಗೆ, ಚೇಚಿ," ಎಂದು ನನ್ನನ್ನು ಅಕ್ಕ ಎಂದು ಕರೆದು ಹೇಳುತ್ತಿದ್ದರು.

ನನ್ನ ಮೊಮ್ಮಗಳಿಗೆ ದೊಡ್ಡ ಲಾ ಫರ್ಮ್ ಸೇರುವ ಆಸೆ. ಕಾಲೇಜು ಆರಿಸಲು ತಿರುವನಂತಪುರದ ಎಜುಕೇಶನ್ ಫೇರಿಗೆ ಆ ವಕೀಲೆಯೂ ಜೊತೆಗೆ ಬಂದರು. ಟಾಪರ್‌ಗಳ ಫೋಟೋ ತುಂಬಿದ್ದ ಸ್ಟಾಲಿನಲ್ಲಿ ಕೂತಿದ್ದ ಹುಡುಗನನ್ನು ಮೆಲ್ಲಗೆ ಕೇಳಿದರು: "ಇವರೆಲ್ಲ ಸರಿ ಮೋನೇ, ಕ್ಲಾಸಿನ ನಡುವೆ ಇದ್ದವಳು ಈಗೆಲ್ಲಿದ್ದಾಳೆ?"

ಆತ ನಮಗೆ ಟೀ ತರಿಸಿದ.

ಫೋಟೋಗಳೇ ಇಲ್ಲದ ಪಕ್ಕದ ಸ್ಟಾಲಿನ ಮೇಡಂ ಮಾತ್ರ, ಅದೇ ಪ್ರಶ್ನೆ ಕೇಳಿದಾಗ, ಕ್ಲಾಸಿನ ನಡುವೆ ಇದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಅಲ್ಲೇ ಫೋನ್ ಹಚ್ಚಿದರು. ಆಕೆ ಮುಂಬೈಯ ದೊಡ್ಡ ಫರ್ಮೊಂದರಲ್ಲಿದ್ದಳು. ಮೊಮ್ಮಗಳು ಆ ಕಾಲೇಜನ್ನೇ ಸೇರಿದಳು.

ಮೊನ್ನೆ ಅವಳ ಫೋನ್: "ಅಜ್ಜಿ, ದೊಡ್ಡ ಫರ್ಮಿನಿಂದ ಆಫರ್ ಬಂತು. ರ್‍ಯಾಂಕ್ ಕೇಳಬೇಡಿ, ಕ್ಲಾಸಿನ ನಟ್ಟನಡುವೆ."

ಎದುರು ಫ್ಲ್ಯಾಟಿನಲ್ಲಿ ಈಗ ಬೇರೆಯವರಿದ್ದಾರೆ. ನಾನು ಮಾರ್ಕೆಟ್ಟಿಗೆ ಹೋಗಿ, ಮೇಲಿನ ಮೀನನ್ನು ಸರಿಸಿ, ನಡುವಿನದನ್ನು ತಂದೆ.