ಶಾಹಿನಾಗೆ ಹಿಡಿದಿಟ್ಟ ಸೀಟು

ಇವತ್ತು ಯಲಹಂಕದಲ್ಲಿ ರೈಲು ಹತ್ತಿದರೆ, ಕಿಟಕಿ ಪಕ್ಕದ ಖಾಲಿ ಸೀಟಿನ ಮೇಲೆ ಯಾರದೋ ಕರ್ಚೀಫು ಹಾಸಿತ್ತು.

ಚಿಕ್ಕವಳಿದ್ದಾಗ ನಮ್ಮ ಮನೆ ಯಶವಂತಪುರದಲ್ಲಿತ್ತು. ಪ್ರತಿ ದಸರಾ ರಜೆಗೆ ಚಿಕ್ಕಪ್ಪ ನನ್ನನ್ನೂ ಪಕ್ಕದ ಮನೆಯ ಶಾಹಿನಾಳನ್ನೂ ರೈಲಿನಲ್ಲಿ ಮಾಕಳಿದುರ್ಗಕ್ಕೆ ಕರೆದೊಯ್ಯುತ್ತಿದ್ದರು. ಗುಡ್ಡದಲ್ಲಿ ಕಾಡು ಸೀತಾಫಲ ತಿಂದು, ಬೀಜ ಯಾರು ದೂರ ಉಗುಳುತ್ತಾರೆ ಅಂತ ನಮ್ಮಿಬ್ಬರ ಪಂದ್ಯ. ಒಂದು ವರ್ಷ ದಸರೆಗೆ ಮುಂಚೆಯೇ ಅವಳ ಮನೆಯವರು ಯಲಹಂಕಕ್ಕೆ ಹೋಗಿಬಿಟ್ಟಿದ್ದರು. "ಅಲ್ಲೇ ಹತ್ತುತೀನಿ ಕಣೇ, ಸೀಟ್ ಹಿಡಿದಿರು," ಎಂದಿದ್ದಳು.

ನಾನು ಕರ್ಚೀಫು ಹಾಸಿದೆ. ಬುಟ್ಟಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಕೇಳಿದರು, "ಏನವ್ವ, ಕರ್ಚೀಪ್‌ಗೂ ಟಿಕೆಟ್ ತಗೊಂಡಿದೀಯಾ?"

"ನಮ್ ಶಾಹಿನಾ ಬರ್ತಾಳಜ್ಜಿ."

ಯಲಹಂಕದಲ್ಲಿ ಕಿಟಕಿಯ ಸರಳಿಗೆ ಮುಖ ಒತ್ತಿ ಹುಡುಕಿದೆ. ರೈಲು ಹೊರಟೇಬಿಟ್ಟಿತು.

"ಬರ್ಲಿಲ್ವಲ್ಲ ಪುಟ್ಟಿ, ಅಜ್ಜಿನ ಕೂರಿಸ್ಕೋ," ಎಂದರು ಚಿಕ್ಕಪ್ಪ.

ಗುಡ್ಡದಲ್ಲಿ ಅವರು ಎಂದಿನಂತೆ ಶಿಳ್ಳೆ ಹಾಕುತ್ತಾ ಮುಂದೆ ಮುಂದೆ ನಡೆದರು. ನಾನು ಹಿಂದೆ ಉಳಿದು, ಒಂದು ಬೀಜವನ್ನೂ ಉಗುಳದೆ ಅದೇ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡೆ. ಶಾಹಿನಾ ಮತ್ತೆ ಸಿಗಲಿಲ್ಲ.

ಇವತ್ತು ಎದುರು ಸೀಟಿನ ಹುಡುಗ, "ಕೂತ್ಕೊಳ್ಳಿ ಆಂಟಿ, ಇನ್ಯಾರೂ ಬರಲ್ಲ," ಎಂದ.

ದೊಡ್ಡಬಳ್ಳಾಪುರದವರೆಗೂ ನಾನು ನಿಂತೇ ಹೋದೆ.